ಬೀಗದ ಅವಸರ: ಫೋನಿನೊಳಗಿನ ಒಂದು ದೋಷ, ಪಹಣಿ ಕಲಿಸಿದ ಪಾಠ

ಕೊಳ್ಳೇಗಾಲದಿಂದ ಹನೂರಿಗೆ ಹೋಗೋ ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಯಳಂದೂರಲ್ಲಿ ಕಾಲೇಜು ಮುಗಿಸಿ ಮನೆ ಕಡೆ ನಡೀತಾ ಕೇಳ್ತಿದ್ದೀರೋ, ಗೊತ್ತಿಲ್ಲ. ಫೋನ್ ಮಾತ್ರ ಕೈಯಲ್ಲಿದೆ. ಅದರಲ್ಲಿ ನಿಮ್ಮ ಫೋಟೋಗಳಿವೆ, ಬ್ಯಾಂಕಿನ ಆ್ಯಪ್ ಇದೆ, ಬಹುಶಃ ಅಪ್ಪನ ಜಮೀನಿನ ಪಹಣಿಯ ಪಿಡಿಎಫ್ ಕೂಡ ಇದೆ. ಇವತ್ತಿನ ಫೋನುಗಳಲ್ಲಿ ಇದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ. ಅಂದ್ರೆ, ಬೀಗದ ಕೈ ಇಲ್ಲದವರಿಗೆ ಬರೀ ಅರ್ಥವಿಲ್ಲದ ಅಂಕಿಗಳು ಕಾಣುತ್ತವೆ.

ಆ ಬೀಗದಲ್ಲೇ ಒಂದು ಕಾಲದಲ್ಲಿ ದೋಷ ಇತ್ತು. ಅದು ಹೇಗೆ ಬಂತು, ಹೇಗೆ ಸರಿಹೋಯ್ತು ಅನ್ನೋದು ಇವತ್ತಿನ ಕಥೆ. ಅದಕ್ಕೂ ಮೊದಲು ತಾಲ್ಲೂಕು ಕಚೇರಿಗೆ ಒಂದು ಸುತ್ತು ಹೋಗಿ ಬರೋಣ. ದೋಷ ಅರ್ಥ ಆಗೋಕೆ ಅದೇ ಸುಲಭದ ದಾರಿ.

1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ರಾಜ್ಯ ಬದಲಾಯ್ತು, ಜಿಲ್ಲೆ ಬದಲಾಯ್ತು. ಆದ್ರೆ ಜಮೀನಿನ ಲೆಕ್ಕದ ತಾಪತ್ರಯ ಒಂದೇ: ಪುಸ್ತಕ ಒಂದು, ಅದನ್ನ ನಂಬಿಕೊಂಡವರು ಹಲವರು. ಒಬ್ಬ ಅದೇ ಪಹಣಿ ತೋರಿಸಿ ಸಾಲ ಕೇಳ್ತಿರುವಾಗ ಇನ್ನೊಬ್ಬ ಬಂದು ಹೆಸರು ತೆಗೆಸಿಬಿಟ್ರೆ ಏನು ಗತಿ?

ಅದಕ್ಕೇ ಖಾತೆ ಬದಲಾವಣೆಗೆ ಒಂದು ಕ್ರಮ ಇತ್ತು. ಅರ್ಜಿ ಬಂದ ತಕ್ಷಣ ಹೆಸರು ಹೊಡೆದು ಹಾಕೋ ಹಾಗಿಲ್ಲ. ನೋಟಿಸ್ ಕೊಡಬೇಕು, ಆಕ್ಷೇಪಣೆ ಇರೋರಿಗೆ 30 ದಿನ ಅವಕಾಶ ಕೊಡಬೇಕು, ಆಮೇಲೆ ಬದಲಾವಣೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಏರಿತು. 15 ರೂಪಾಯಿಗೆ ಪಹಣಿ ಕೈಗೆ ಸಿಗೋ ಹಾಗಾಯ್ತು. ಅದರಲ್ಲಿ ಇನ್ನೊಂದು ನಿಯಮವನ್ನೂ ಕೂರಿಸಿದ್ರು: ಮೊದಲು ಬಂದ ಅರ್ಜಿ ಮೊದಲು. ನಡುವೆ ನುಗ್ಗೋ ಹಾಗಿಲ್ಲ.

ಈ ಎರಡು ಮಾತು ನೆನಪಿಟ್ಟುಕೊಳ್ಳಿ. ಒಂದು, ಸರದಿ. ಎರಡು, ತೆಗೆಯೋ ಮೊದಲು ಕೇಳೋದು. ಈಗ ಫೋನಿಗೆ ಬರೋಣ.

ಫೋನ್ ಒಂದೇ ಹೊತ್ತಿಗೆ ನೂರಾರು ಕೆಲಸ ಮಾಡುತ್ತೆ. ನೀವು ಈ ಆಡಿಯೋ ಕೇಳ್ತಿರುವಾಗಲೇ ಹಿಂದೆ ವಾಟ್ಸಾಪ್ ಫೋಟೋ ಇಳಿಸ್ತಿರುತ್ತೆ. ಇಬ್ಬರು ಒಂದೇ ವಸ್ತುವಿಗೆ ಒಟ್ಟಿಗೆ ಕೈ ಹಾಕಿದ್ರೆ ಏನು ಮಾಡಬೇಕು ಅನ್ನೋ ಪ್ರಶ್ನೆ ಹಳೇದು. ನೆದರ್ಲೆಂಡ್ಸ್‌ನ ಡೈಕ್‌ಸ್ಟ್ರಾ 1965ರಲ್ಲೇ ಇದರ ಬಗ್ಗೆ ಪ್ರಸಿದ್ಧವಾದ ಒಂದು ಪುಟ್ಟ ಪ್ರಬಂಧ ಬರೆದರು.

ಆಂಡ್ರಾಯ್ಡ್ ಫೋನಿನ ತಳಪಾಯ ಲಿನಕ್ಸ್ ಕರ್ನಲ್. 2015ರಲ್ಲಿ ಅದರ ಇಎಕ್ಸ್‌ಟಿ4 ಅನ್ನೋ ಫೈಲ್ ವ್ಯವಸ್ಥೆಯೊಳಗೇ ಎನ್‌ಕ್ರಿಪ್ಶನ್ ಬಂತು. 2016ರಲ್ಲಿ ಆ ಕೋಡನ್ನ ಬೇರೆ ತೆಗೆದು, ಹಲವು ಫೈಲ್ ವ್ಯವಸ್ಥೆಗಳು ಹಂಚಿಕೊಳ್ಳೋ ಒಂದು ಲೈಬ್ರರಿ ಮಾಡಿದ್ರು. ಅದೇ ಎಫ್‌ಎಸ್‌ಕ್ರಿಪ್ಟ್. ಅದೇ ವರ್ಷ ಬಂದ ಆಂಡ್ರಾಯ್ಡ್ 7ರಲ್ಲಿ ಒಂದೊಂದು ಫೈಲಿಗೂ ಬೇರೆ ಬೀಗ ಹಾಕೋ ಪದ್ಧತಿ ಶುರುವಾಯ್ತು.

ಈ ಲೈಬ್ರರಿಯಲ್ಲಿ ಒಂದು ಸೌಲಭ್ಯ ಇತ್ತು: ಬೀಗದ ಕೈಯನ್ನ ರದ್ದು ಮಾಡಿದ್ರೆ ತೆರೆದಿದ್ದ ಫೈಲುಗಳು ಮತ್ತೆ ಬೀಗದೊಳಗೆ ಹೋಗಬೇಕು. ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಒಳಗೆ ನಡೀತಿದ್ದದ್ದು ಹೀಗೆ. ಒಂದು ಆ್ಯಪ್ ಒಂದು ಫೈಲನ್ನ ಓದ್ತಾ ಇದೆ. ಓದೋಕೆ ಬೇಕಾದ ಕೀ ವಿವರ ಇರೋ ಒಂದು ಡಬ್ಬಿ ಮೆಮೊರಿಯಲ್ಲಿದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಇನ್ನೊಂದು ಕೆಲಸ ಅದೇ ಫೈಲಿಗೆ ಬರುತ್ತೆ, ಕೀ ರದ್ದಾಗಿದೆ ಅಂತ ನೋಡುತ್ತೆ, ಕೂಡಲೇ ಆ ಡಬ್ಬಿಯನ್ನ ಬಿಸಾಕುತ್ತೆ. ಒಳಗೆ ಯಾರಾದ್ರೂ ಇದ್ದಾರಾ ಅಂತ ಕೇಳೋದೇ ಇಲ್ಲ. ನೋಟಿಸ್ ಇಲ್ಲ, ಆಕ್ಷೇಪಣೆ ಇಲ್ಲ, ಹೆಸರು ಹೊಡೆದಾಯ್ತು!

ಮೊದಲನೆಯ ಆ್ಯಪಿನ ಕೆಲಸ ಮಾತ್ರ ಇನ್ನೂ ಅದೇ ಜಾಗವನ್ನ ನಂಬಿಕೊಂಡು ನಡೀತಿರುತ್ತೆ. ಆ ಜಾಗ ಅಷ್ಟರಲ್ಲಿ ಬೇರೆ ಯಾರದೋ ಪಾಲಾಗಿರಬಹುದು. ಅದೃಷ್ಟ ಚೆನ್ನಾಗಿದ್ರೆ ಫೋನ್ ಕುಸಿದು ಮತ್ತೆ ಆನ್ ಆಗುತ್ತೆ. ಕೆಟ್ಟಿದ್ರೆ, ಫೋನಿನೊಳಗೆ ಮೊದಲೇ ಕೂತಿರೋ ಒಂದು ಕೇಡಿನ ಆ್ಯಪ್ ತನಗಿಲ್ಲದ ಅಧಿಕಾರವನ್ನ ಗಿಟ್ಟಿಸಿಕೊಳ್ಳಬಹುದು.

ಇಂಥ ದೋಷ ದಿನಾ ಕಾಣಿಸೋದಿಲ್ಲ. ಎರಡು ಕೆಲಸ ಸರಿಯಾಗಿ ಅದೇ ಕ್ಷಣಕ್ಕೆ ಎದುರಾಗಬೇಕು. ಸಾವಿರ ಸಲ ಪರೀಕ್ಷೆ ಮಾಡಿದ್ರೂ ಎದುರಾಗದೇ ಇರಬಹುದು. 2015ರಿಂದ 2017ರವರೆಗೆ ಇದು ಕೋಡಿನಲ್ಲೇ ಅಡಗಿ ಕೂತಿತ್ತು.

2017ರ ಮಾರ್ಚ್‌ನಲ್ಲಿ ಗೂಗಲ್‌ನ ಎಂಜಿನಿಯರ್ ಎರಿಕ್ ಬಿಗರ್ಸ್ ಅವರ ತಿದ್ದುಪಡಿ ಬಂತು. ದೋಷಕ್ಕೆ ಸಿವಿಇ-2017-7374 ಅಂತ ಗುರುತಿನ ಸಂಖ್ಯೆ ಸಿಕ್ತು. ಕರ್ನಲ್‌ನ 4.10.7 ಆವೃತ್ತಿಯಲ್ಲಿ ಅದು ಸರಿಹೋಗಿತ್ತು. ನನಗೆ ಈ ಕಥೆಯಲ್ಲಿ ತುಂಬ ಇಷ್ಟ ಆಗೋದು ಸರಿಪಡಿಸಿದ ರೀತಿ. ಬಿಗರ್ಸ್ ಹೊಸ ಬೀಗ ಸೇರಿಸಲಿಲ್ಲ. ಆ ಸೌಲಭ್ಯವನ್ನೇ ಕಿತ್ತು ಹಾಕಿದರು. ಅದು ಹೇಗೂ ನೆಟ್ಟಗೆ ಕೆಲಸ ಮಾಡ್ತಿರಲಿಲ್ಲ. ಅರೆಬರೆ ಬೀಗ ನಂಬಿ ಮೋಸ ಹೋಗೋದಕ್ಕಿಂತ ಇಲ್ಲದಿರೋದೇ ವಾಸಿ.

ಹಾಗಂತ ಬಿಟ್ಟುಬಿಡಲೂ ಇಲ್ಲ. 2019ರ ಲಿನಕ್ಸ್ 5.4ರಲ್ಲಿ ಕೀ ತೆಗೆಯೋ ಹೊಸ ವಿಧಾನ ಬಂತು. ಈ ಸಲ ಕ್ರಮ ನೋಡಿ. ಮೊದಲು ಕೀಯನ್ನ ತೆಗೆಯುತ್ತೆ. ಯಾರೂ ಬಳಸದ ಫೈಲುಗಳನ್ನ ಮಾತ್ರ ಮುಚ್ಚುತ್ತೆ. ಬಳಕೆಯಲ್ಲಿ ಇರೋದನ್ನ ಮುಟ್ಟೋದಿಲ್ಲ, ಬದಲಿಗೆ ‘ಕೆಲವು ಫೈಲುಗಳು ಇನ್ನೂ ಬಳಕೆಯಲ್ಲಿವೆ’ ಅಂತ ವರದಿ ಕೊಡುತ್ತೆ. ನಮ್ಮ ತಾಲ್ಲೂಕು ಕಚೇರಿಯ ನೋಟಿಸ್ ನೆನಪಾಗಲ್ವಾ?

ಒಂದೇ ಲೈಬ್ರರಿ ಆಗಿದ್ದರಿಂದ ದೋಷ ಮೂರು ಫೈಲ್ ವ್ಯವಸ್ಥೆಗಳಿಗೂ ಹರಡಿತ್ತು. ಅದೇ ಕಾರಣಕ್ಕೆ ಒಂದೇ ಕಡೆ ತಿದ್ದಿದ್ದು ಮೂರಕ್ಕೂ ಆಯ್ತು. ಆಂಡ್ರಾಯ್ಡ್‌ನ ಭದ್ರತಾ ಪ್ರಕಟಣೆಯಲ್ಲೂ ಆ ವರ್ಷ ಇದರ ಹೆಸರು ಬಂತು.

ಆದ್ರೆ ಅಲ್ಲಿಂದ ನಿಮ್ಮ ಜೇಬಿನವರೆಗಿನ ದಾರಿ ಉದ್ದ. ಕರ್ನಲ್‌ನಿಂದ ಗೂಗಲ್‌ಗೆ, ಅಲ್ಲಿಂದ ಚಿಪ್ ಮಾಡೋರಿಗೆ, ಅಲ್ಲಿಂದ ಫೋನ್ ಕಂಪನಿಗೆ, ಕೊನೆಗೆ ನಿಮ್ಮ ‘ಅಪ್‌ಡೇಟ್’ ಬಟನ್ನಿಗೆ. ನಮ್ಮ ಮನೆಗಳಲ್ಲಿ ಅಣ್ಣನ ಹಳೇ ಫೋನು ತಂಗಿಗೆ ಬರುತ್ತೆ, ತಂಗಿಯದು ಅಜ್ಜಿಗೆ ಹೋಗುತ್ತೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೂ ಆ ಫೋನು ವರ್ಷಗಟ್ಟಲೆ ಓಡುತ್ತೆ. ಪಿಂಚಣಿ ಹಣದ ಓಟಿಪಿ ಅದಕ್ಕೇ ಬರುತ್ತೆ.

ಈ ಕಂತು ಮುಗಿದ ಮೇಲೆ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಅಂತ ಹುಡುಕಿ, ಅಲ್ಲಿರೋ ತಾರೀಖು ನೋಡಿ. ನಿಮ್ಮದು ನೋಡಿದ ಮೇಲೆ ಅಜ್ಜಿಯದೂ ನೋಡಿ. ತಾರೀಖು ಎರಡು-ಮೂರು ವರ್ಷ ಹಿಂದಿನದಾಗಿದ್ರೆ ಆ ಫೋನಿಂದ ಬ್ಯಾಂಕಿನ ಆ್ಯಪನ್ನ ತೆಗೆದುಬಿಡೋದು ಕ್ಷೇಮ. ಅಜ್ಜಿಯನ್ನ ಕೇಳಿಯೇ ತೆಗೀರಿ, ಮತ್ತೆ!