ಪಶುವೈದ್ಯರ ಔಷಧಿ ಚೀಟಿಯ ವೆಚ್ಚವನ್ನು ಲೆಕ್ಕ ಹಾಕುವ ವಿಧಾನ

ಪೀಠಿಕೆ:

ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ ಭತ್ತದ ಬೇಸಾಯದೊಂದಿಗೆ ಹೈನುಗಾರಿಕೆಯೂ ರೈತ ಕುಟುಂಬಗಳ ಆದಾಯದ ಮೂಲವಾಗಿದೆ. ಕಡರನಾಯಕನಹಳ್ಳಿಯಂತಹ ಗ್ರಾಮದಲ್ಲಿ ಒಂದೆರಡು ಹಸು ಸಾಕಿರುವ ಕುಟುಂಬಕ್ಕೆ, ರಾಸು ಕಾಯಿಲೆ ಬಿದ್ದಾಗ ಔಷಧಿಗೆ ಒಟ್ಟು ಎಷ್ಟು ಹಣ ಬೇಕಾಗುವುದೆಂದು ಮುಂಚಿತವಾಗಿ ತಿಳಿದಿರುವುದು ಅವಶ್ಯಕ. ಮೊದಲ ದಿನ ಕೈಯಲ್ಲಿದ್ದಷ್ಟು ಹಣಕ್ಕೆ ಔಷಧಿ ಕೊಂಡು, ಎರಡನೆಯ ದಿನ ಚಿಕಿತ್ಸೆ ನಿಲ್ಲಿಸಿದರೆ ಕೊಟ್ಟ ಹಣವೂ ವ್ಯರ್ಥ, ಕಾಯಿಲೆಯೂ ಮರುಕಳಿಸುವ ಸಂಭವವಿರುತ್ತದೆ. ಆದುದರಿಂದ ಲೆಕ್ಕ ಹಾಕುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ರಾಸಿನ ತೂಕ:

ಬಹುತೇಕ ಔಷಧಿಗಳ ಪ್ರಮಾಣವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು ನಿಗದಿಪಡಿಸಲಾಗಿರುತ್ತದೆ. ತೂಕದ ಯಂತ್ರವಿಲ್ಲದ ಕಡೆ ಅಳತೆ ಪಟ್ಟಿಯಿಂದ ಅಂದಾಜು ಮಾಡಬಹುದು. ಮುಂಗಾಲುಗಳ ಹಿಂಭಾಗದಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಸೆಂಟಿಮೀಟರ್‌ಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದ ಮೊತ್ತವನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ತೂಕವು ಕಿಲೋಗ್ರಾಂಗಳಲ್ಲಿ ದೊರೆಯುತ್ತದೆ. ಸುತ್ತಳತೆ 165 ಸೆಂ.ಮೀ., ಉದ್ದ 140 ಸೆಂ.ಮೀ. ಇದ್ದಲ್ಲಿ ತೂಕ ಸುಮಾರು 350 ಕಿ.ಗ್ರಾಂ. ಆಗುತ್ತದೆ. ಗಬ್ಬದ ರಾಸುಗಳಲ್ಲಿ ಈ ಅಂದಾಜು ವ್ಯತ್ಯಾಸವಾಗಬಹುದು.

2. ಔಷಧಿಯ ಒಟ್ಟು ಪ್ರಮಾಣ:

ಉದಾಹರಣೆಗೆ, ಪ್ರತಿ ಮಿ.ಲೀ.ನಲ್ಲಿ 100 ಮಿ.ಗ್ರಾಂ. ಇರುವ ಚುಚ್ಚುಮದ್ದನ್ನು ಪ್ರತಿ ಕಿ.ಗ್ರಾಂ. ತೂಕಕ್ಕೆ 5 ಮಿ.ಗ್ರಾಂ.ನಂತೆ ದಿನಕ್ಕೊಮ್ಮೆ 3 ದಿನ ನೀಡಲು ವೈದ್ಯರು ಬರೆದಿದ್ದಾರೆ ಎಂದಿಟ್ಟುಕೊಳ್ಳಿ.

ದಿನದ ಪ್ರಮಾಣ: 350 x 5 = 1,750 ಮಿ.ಗ್ರಾಂ.
ದಿನಕ್ಕೆ ಬೇಕಾಗುವ ದ್ರವ: 1,750 ÷ 100 = 17.5 ಮಿ.ಲೀ.
ಮೂರು ದಿನಗಳಿಗೆ: 17.5 x 3 = 52.5 ಮಿ.ಲೀ.

ಇದು ಲೆಕ್ಕದ ಮಾದರಿಯೇ ಹೊರತು ಚಿಕಿತ್ಸೆಯ ಸಲಹೆಯಲ್ಲ. ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸತಕ್ಕದ್ದು.

3. ಬಾಟಲಿಯ ಗಾತ್ರ ಮತ್ತು ಬೆಲೆ:

ಔಷಧಿಯು ಬೇಕಾದಷ್ಟೇ ಅಳತೆಯಲ್ಲಿ ದೊರೆಯುವುದಿಲ್ಲ, ಬಾಟಲಿಯಾಗಿಯೇ ಕೊಳ್ಳಬೇಕಾಗುತ್ತದೆ. 50 ಮಿ.ಲೀ. ಬಾಟಲಿಗೆ ರೂ.200/- ಹಾಗೂ 10 ಮಿ.ಲೀ. ಬಾಟಲಿಗೆ ರೂ.50/- ಎಂದು ಊಹಿಸಿದರೆ, ಎರಡು ದೊಡ್ಡ ಬಾಟಲಿಗಳಿಗೆ ರೂ.400/- ಆಗುತ್ತದೆ, ಒಂದು ದೊಡ್ಡದು ಮತ್ತು ಒಂದು ಚಿಕ್ಕದಕ್ಕೆ ರೂ.250/- ಮಾತ್ರ. ಚಿಕ್ಕ ಬಾಟಲಿಗೆ ಪ್ರತಿ ಮಿ.ಲೀ. ದರ ಹೆಚ್ಚಾದರೂ ಒಟ್ಟು ವೆಚ್ಚದಲ್ಲಿ ರೂ.150/- ಉಳಿತಾಯವಾಗುತ್ತದೆ. ಉಳಿದ ಔಷಧಿಯನ್ನು ಮುಂದಿನ ಕಾಯಿಲೆಗೆಂದು ಇಟ್ಟು ಸ್ವತಃ ಬಳಸುವುದು ಅಪಾಯಕರ.

ಮುದ್ರಿತ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲಾ ತೆರಿಗೆಗಳು ಸೇರಿರುತ್ತವೆ. ಅದರ ಮೇಲೆ ಪ್ರತ್ಯೇಕ ತೆರಿಗೆ ಕೊಡಬೇಕಾಗಿಲ್ಲ. ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸಿ, ರಸೀದಿ ಪಡೆಯಬೇಕು. ಸಿರಿಂಜು, ಸೂಜಿ ಮತ್ತು ಪ್ರಯಾಣದ ಖರ್ಚನ್ನೂ ಸೇರಿಸಿಕೊಳ್ಳಬೇಕು.

4. ಮಾರಲಾಗದ ಹಾಲಿನ ಮೌಲ್ಯ:

ಸಾಮಾನ್ಯವಾಗಿ ಲೆಕ್ಕದಿಂದ ಬಿಟ್ಟುಹೋಗುವ ಬಾಬ್ತು ಇದೇ ಆಗಿದ್ದು, ಹಲವು ವೇಳೆ ಔಷಧಿಯ ಬೆಲೆಗಿಂತ ದೊಡ್ಡದಾಗಿರುತ್ತದೆ. ಔಷಧಿಯ ಅಂಶವು ಹಾಲಿನಲ್ಲಿ ಉಳಿಯುವ ಅವಧಿಯಲ್ಲಿ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ, ಮನೆಯಲ್ಲಿಯೂ ಬಳಸುವಂತಿಲ್ಲ. 2012ರಲ್ಲಿ ಔಷಧ ಮತ್ತು ಕಾಂತಿವರ್ಧಕ ನಿಯಮಗಳಿಗೆ ತಂದ ತಿದ್ದುಪಡಿಯಂತೆ ಆಹಾರೋತ್ಪನ್ನ ನೀಡುವ ಪ್ರಾಣಿಗಳ ಔಷಧಿಯ ಮೇಲೆ ಈ ಅವಧಿಯನ್ನು ನಮೂದಿಸಬೇಕು. ನಿರ್ದಿಷ್ಟ ಅವಧಿ ಪ್ರಮಾಣೀಕೃತವಾಗಿರದಿದ್ದಲ್ಲಿ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಹಾಗೂ ಜಾನುವಾರು ಮಾಂಸಕ್ಕೆ ಕನಿಷ್ಠ 28 ದಿನ ಎಂದು ಪರಿಗಣಿಸಲಾಗುತ್ತದೆ.

ದಿನಕ್ಕೆ 8 ಲೀಟರ್ ಹಾಲು, ಲೀಟರಿಗೆ ರೂ.35/- ಎಂದು ಊಹಿಸಿ ಎರಡು ಔಷಧಿಗಳನ್ನು ಹೋಲಿಸಬಹುದು.

ಮೊದಲನೆಯದು: ಔಷಧಿ ರೂ.250/-. ಚಿಕಿತ್ಸೆ 3 ದಿನ ಮತ್ತು ನಂತರ 7 ದಿನ, ಒಟ್ಟು 10 ದಿನದ ಹಾಲು ರೂ.2,800/-. ಒಟ್ಟು ರೂ.3,050/-.

ಎರಡನೆಯದು: ಔಷಧಿ ರೂ.400/-. ಚಿಕಿತ್ಸೆ 3 ದಿನ ಮತ್ತು ನಂತರ 3 ದಿನ, ಒಟ್ಟು 6 ದಿನದ ಹಾಲು ರೂ.1,680/-. ಒಟ್ಟು ರೂ.2,080/-.

ಅಂಗಡಿಯಲ್ಲಿ ರೂ.150/- ದುಬಾರಿ ಎನಿಸಿದ ಔಷಧಿಯಿಂದ ಕುಟುಂಬಕ್ಕೆ ರೂ.970/- ಉಳಿಯುತ್ತದೆ. ಆದರೆ ಎರಡೂ ಔಷಧಿಗಳು ಆ ಕಾಯಿಲೆಗೆ ಸೂಕ್ತವೇ ಎಂಬುದನ್ನು ವೈದ್ಯರು ಮಾತ್ರ ಹೇಳಬಲ್ಲರು. ಚೀಟಿ ಬರೆಯುವಾಗಲೇ ಹಾಲು ನಿಲ್ಲಿಸಬೇಕಾದ ದಿನಗಳನ್ನು ಕೇಳಿ ತಿಳಿದುಕೊಳ್ಳುವುದು ಉತ್ತಮ.

5. ಅಗ್ಗದ ಬದಲಿ ಔಷಧಿಗಳ ಬಗ್ಗೆ ಎಚ್ಚರಿಕೆ:

ಬೆಲೆ ಕಡಿಮೆಯೆಂದು ಚೀಟಿಯಲ್ಲಿಲ್ಲದ ಔಷಧಿಯನ್ನು ಕೊಳ್ಳಬಾರದು. ಸತ್ತ ರಾಸುಗಳನ್ನು ತಿಂದ ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫೆನಾಕ್ ನೋವು ನಿವಾರಕದ ಪಶುಬಳಕೆಯನ್ನು ತಡೆಯಲು ಕೇಂದ್ರ ಸರ್ಕಾರವು 2006ರಲ್ಲಿ ಕ್ರಮ ಕೈಗೊಂಡಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳ ಪಶುಬಳಕೆಯನ್ನೂ ನಿಷೇಧಿಸಲಾಯಿತು. ಮನುಷ್ಯರಿಗೆಂದು ಮಾರುವ ಇಂತಹ ಔಷಧಿಗಳನ್ನು ರಾಸುಗಳಿಗೆ ಬಳಸಕೂಡದು.

6. ವೆಚ್ಚ ಕಡಿಮೆ ಮಾಡಿಕೊಳ್ಳುವ ಮಾರ್ಗಗಳು:

ಅ) ಹತ್ತಿರದ ಸರ್ಕಾರಿ ಪಶುವೈದ್ಯ ಸಂಸ್ಥೆಯಲ್ಲಿ ಔಷಧಿ ದಾಸ್ತಾನು ಇದೆಯೇ ಎಂದು ಮೊದಲು ವಿಚಾರಿಸುವುದು. ಸಂಚಾರಿ ಪಶು ಚಿಕಿತ್ಸಾ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ಆ) ಔಷಧಿಯನ್ನು ಜನರಿಕ್ ಹೆಸರಿನಲ್ಲಿಯೂ ಬರೆದುಕೊಡುವಂತೆ ವೈದ್ಯರನ್ನು ಕೋರುವುದು. ಕಡಿಮೆ ಬೆಲೆಯ ಜನರಿಕ್ ಪಶು ಔಷಧಿಗಳನ್ನು ಪಿ.ಎಂ. ಕಿಸಾನ್ ಸಮೃದ್ಧಿ ಕೇಂದ್ರಗಳು ಮತ್ತು ಸಹಕಾರ ಸಂಘಗಳ ಮೂಲಕ ಒದಗಿಸುವ 'ಪಶು ಔಷಧಿ' ಘಟಕಕ್ಕೆ ಕೇಂದ್ರ ಸಚಿವ ಸಂಪುಟವು 2025ರ ಮಾರ್ಚ್‌ನಲ್ಲಿ ಅನುಮೋದನೆ ನೀಡಿದೆ.

ಇ) 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ಹಾಕಿಸುವುದು. ಬಾರದ ಕಾಯಿಲೆಗೆ ಔಷಧಿಯ ಖರ್ಚಿಲ್ಲ.

ಸೂಚನೆ: ಮೇಲಿನ ಬೆಲೆ ಹಾಗೂ ಹಾಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿದವುಗಳಾಗಿವೆ. ರೈತ ಬಾಂಧವರು ತಮ್ಮ ಔಷಧಿ ಚೀಟಿ, ರಸೀದಿ ಮತ್ತು ಸಂಘದ ಹಾಲಿನ ದರವನ್ನು ಆಧರಿಸಿ ಲೆಕ್ಕ ಹಾಕಿಕೊಳ್ಳತಕ್ಕದ್ದು. ವೆಚ್ಚ ಭರಿಸಲು ಸಾಧ್ಯವಿಲ್ಲವೆನಿಸಿದಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸದೆ, ಆರಂಭಿಸುವ ಮುನ್ನವೇ ಪಶುವೈದ್ಯರಿಗೆ ತಿಳಿಸುವುದು.