ಕೊನೆಯ ಇಂಜೆಕ್ಷನ್‌ಗೂ ಮುಂಚೆ: 1939ರ ಲಂಡನ್ನಿನ ಒಂದು ವಾರ

ಈ ಸಲದ ವಿಷಯ ಸ್ವಲ್ಪ ಭಾರ ಇದೆ. ಮನೇಲಿ ವಯಸ್ಸಾದ ನಾಯಿನೋ ಬೆಕ್ಕೋ ಇರೋರು ನಿಧಾನಕ್ಕೆ ಕೇಳಿ, ಆದ್ರೆ ಪೂರ್ತಿ ಕೇಳಿ.

1939ರ ಸೆಪ್ಟೆಂಬರ್ 3. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದಾದ ಒಂದೇ ವಾರದಲ್ಲಿ ಲಂಡನ್ನಿನ ಜನ ತಮ್ಮದೇ ಮನೆಯ ಸುಮಾರು 4 ಲಕ್ಷ ನಾಯಿ, ಬೆಕ್ಕುಗಳನ್ನ ಸಾಯಿಸಿದ್ರು. ಊರಲ್ಲಿದ್ದ ನಾಯಿ-ಬೆಕ್ಕುಗಳಲ್ಲಿ ಹೆಚ್ಚುಕಮ್ಮಿ ನಾಲ್ಕಕ್ಕೆ ಒಂದು. ಅಷ್ಟೊತ್ತಿಗೆ ಆ ಊರಿನ ಮೇಲೆ ಒಂದು ಬಾಂಬೂ ಬಿದ್ದಿರಲಿಲ್ಲ. ದೊಡ್ಡ ದಾಳಿ ಶುರುವಾಗಿದ್ದು ಒಂದು ವರ್ಷದ ಮೇಲೆ, 1940ರ ಸೆಪ್ಟೆಂಬರ್ 7ಕ್ಕೆ.

ಹಾಗಾದ್ರೆ ಸರ್ಕಾರ ಆದೇಶ ಹೊರಡಿಸಿತ್ತಾ? ಇಲ್ಲ. ವೈಮಾನಿಕ ದಾಳಿ ಆದಾಗ ಪ್ರಾಣಿಗಳ ಗತಿ ಏನು ಅಂತ ನೋಡೋಕೆ ನಾರ್ಪ್ಯಾಕ್ ಅನ್ನೋ ಒಂದು ಸಮಿತಿ ಇತ್ತು. ಅದು ಕರಪತ್ರ ಹಂಚಿತ್ತು. ಪ್ರಾಣಿಗಳನ್ನ ಆದ್ರೆ ಹಳ್ಳಿ ಕಡೆ ಕಳಿಸಿ, ಬೇರೆ ಯಾರಿಗಾದ್ರೂ ಒಪ್ಪಿಸಿ, ಯಾವುದೂ ಆಗದಿದ್ರೆ ಸಾಯಿಸೋದೇ ದಯೆ ಅನ್ನೋದು ಅದರ ಸಾರಾಂಶ. ಅದೇ ಕರಪತ್ರದಲ್ಲಿ ಪ್ರಾಣಿಗಳನ್ನ ಕೊಲ್ಲೋ ಪಿಸ್ತೂಲಿನ ಜಾಹೀರಾತೂ ಇತ್ತು! ಹೆದರಿದ ಜನ ಗಟ್ಟಿಯಾಗಿ ಹಿಡ್ಕೊಂಡಿದ್ದು ಆ ಕೊನೆಯ ಮಾತನ್ನ.

ಪ್ರಾಣಿಗಳ ಚಿಕಿತ್ಸಾಲಯಗಳ ಮುಂದೆ ಕ್ಯೂ ನಿಂತಿತು. ಬಡವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಸಿಗಲಿ ಅಂತ ಮಾರಿಯಾ ಡಿಕಿನ್ ಅನ್ನೋ ಹೆಣ್ಣುಮಗಳು 1917ರಲ್ಲಿ ಶುರು ಮಾಡಿದ್ದ ಪಿಡಿಎಸ್‌ಎ ಸಂಸ್ಥೆಯ ಮುಂದೂ ಅದೇ ಕಥೆ. ವಾಸಿ ಮಾಡೋಕೆ ಹುಟ್ಟಿದ ಜಾಗಕ್ಕೆ ಜನ ಗಟ್ಟಿಮುಟ್ಟಾದ ನಾಯಿಗಳನ್ನ ಸಾಯಿಸೋಕೆ ಅಂತ ಕರ್ಕೊಂಡು ಬಂದ್ರು. ಕ್ಲೋರೋಫಾರ್ಮ್ ಸಾಲದಾಯ್ತು. ಹಿಲ್ಡಾ ಕೀನ್ ಅನ್ನೋ ಇತಿಹಾಸಕಾರ್ತಿ 2017ರಲ್ಲಿ ಈ ಒಂದು ಘಟನೆ ಮೇಲೇ ಪೂರ್ತಿ ಪುಸ್ತಕ ಬರೆದ್ರು. ಅವರು ಒತ್ತಿ ಹೇಳೋ ವಿಷಯ ಇದು: ಯಾರೂ ಬಲವಂತ ಮಾಡಿರಲಿಲ್ಲ, ಒಂದೊಂದು ಮನೆಯವರೂ ತಾವೇ ಕೂತು ತಗೊಂಡ ತೀರ್ಮಾನ ಅದು.

ನನ್ನನ್ನ ಕಾಡೋದೂ ಅದೇ. ಆ ಜನ ಕ್ರೂರಿಗಳಾಗಿರಲಿಲ್ಲ. ಭಯ ಇತ್ತು, ಆತುರ ಇತ್ತು. ‘ಒಂದ್ನಿಮಿಷ ಕೂತ್ಕೊಳ್ಳಿ, ಬೇರೆ ಏನು ಮಾಡ್ಬಹುದು ನೋಡೋಣ’ ಅಂತ ಹೇಳೋಕೆ ಆ ಕ್ಯೂನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ಇನ್ನೊಂದು ಎಳೆ. ನೋವಿಲ್ಲದ ಸಾವು ಕೊಡೋ ವಿಧಾನ ಕಾಲಕಾಲಕ್ಕೆ ಸುಧಾರಿಸ್ತಾ ಬಂತು. 1884ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಶ್ವಾನಾಲಯದಲ್ಲಿ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಅನ್ನೋ ವೈದ್ಯರು ವಿಷಾನಿಲದ ಒಂದು ಕೋಣೆ ಮಾಡಿಸಿದ್ರು. ಬೀದಿ ನಾಯಿಗಳನ್ನ ಅದರೊಳಗೆ ಬಿಟ್ಟು ಬಾಗಿಲು ಹಾಕೋದು. ಇವತ್ತು ಸಾಮಾನ್ಯವಾಗಿ ಮೊದಲು ಮಂಪರು ಬರಿಸೋ ಔಷಧ ಕೊಡ್ತಾರೆ. ಆಮೇಲೆ ಪೆಂಟೋಬಾರ್ಬಿಟಾಲ್ ಅನ್ನೋ ಅರಿವಳಿಕೆಯನ್ನ ಜಾಸ್ತಿ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡ್ತಾರೆ. ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತೆ, ಕೆಲವು ನಿಮಿಷದಲ್ಲಿ ಉಸಿರು, ಹೃದಯ ಎರಡೂ ನಿಲ್ಲುತ್ತೆ. ಕಣ್ಣು ತೆರೆದೇ ಇರಬಹುದು. ಇದನ್ನ ಮೊದಲೇ ಹೇಳದಿದ್ರೆ ಪಕ್ಕದಲ್ಲಿರೋರು ಗಾಬರಿ ಆಗ್ತಾರೆ.

ಔಷಧ ಸುಧಾರಿಸಿತು ಸರಿ, ಆ ಪುರುಸೊತ್ತು ಎಲ್ಲಿಂದ ಬಂತು? ಮನುಷ್ಯರ ಆಸ್ಪತ್ರೆಯಿಂದ. 1967ರಲ್ಲಿ ಸಿಸಿಲಿ ಸಾಂಡರ್ಸ್ ಅದೇ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ್ರು. ವಾಸಿ ಆಗದ ಕಾಯಿಲೆ ಇದ್ರೂ ನೋವು ಕಮ್ಮಿ ಮಾಡಬಹುದು, ಮನೆಯವರ ಜೊತೆ ಕೂತು ಮಾತಾಡಬಹುದು ಅನ್ನೋದು ಅವರ ದಾರಿ. ಅಮೆರಿಕದ ಪಶುವೈದ್ಯರು ಇದನ್ನ ತಮ್ಮ ಕ್ಲಿನಿಕ್ಕಿಗೂ ತಂದ್ರು. ಪ್ರಾಣಿಗಳ ಕ್ಯಾನ್ಸರ್ ವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಏಳು ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು. ನೋವು ಹಿಡಿತದಲ್ಲಿದ್ಯಾ, ಊಟ ಸೇರ್ತಿದ್ಯಾ, ಮೈಯಲ್ಲಿ ನೀರಿನಂಶ ಇದ್ಯಾ, ಮೈ ಶುಚಿಯಾಗಿದ್ಯಾ, ಖುಷಿಯಾಗಿದ್ಯಾ, ಓಡಾಡುತ್ತಾ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಜಾಸ್ತಿ ಇದ್ಯಾ? ಒಂದೊಂದಕ್ಕೂ 10 ಅಂಕ. 70ಕ್ಕೆ 35ರ ಮೇಲಿದ್ರೆ, ಆರೈಕೆ ಮಾಡ್ತಾ ಜೊತೆಗಿಟ್ಕೋಬಹುದು. 2009ರಲ್ಲಿ ಪ್ರಾಣಿಗಳ ಹಾಸ್ಪೈಸ್‌ಗೆ ಅಂತಲೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. 2016ರಲ್ಲಿ ಕ್ಲಿನಿಕ್ಕುಗಳಿಗೆ ಮಾರ್ಗಸೂಚಿಯೂ ಬಂತು.

ನಮ್ಮ ಕಡೆ ಈ ಮಾತು ಬಂದ್ರೆ ಮೊದಲು ಕೇಳಿಸೋದು ‘ಪಾಪ ಸುತ್ಕೊಳ್ಳಲ್ವಾ?’ ಅನ್ನೋ ಪ್ರಶ್ನೆ. ಪಾಪ-ಪುಣ್ಯದ ಲೆಕ್ಕ ನಾನು ಹೇಳಲಾರೆ. ಕಾನೂನಿನ ಮಾತು ಹೇಳಬಲ್ಲೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಸೆಕ್ಷನ್, ಕೆಲವು ಸ್ಥಿತಿಯಲ್ಲಿ ಬದುಕಿಸಿ ಇಡೋದೇ ಕ್ರೌರ್ಯ ಆಗಬಹುದು ಅಂತ ಒಪ್ಪುತ್ತೆ. 2001ರ ನಾಯಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ಬೀದಿ ನಾಯಿಗಳ ಬಗ್ಗೆ ಒಂದು ಮಾತಿತ್ತು: ಒಂದು ನಾಯಿಗೆ ಇನ್ನೊಂದು ನಾಯಿಯ ಎದುರಿಗೆ ದಯಾಮರಣ ಕೊಡಬಾರದು. ರಿಚರ್ಡ್‌ಸನ್ನರ ಆ ಕೋಣೆ ನೆನಪಿಸ್ಕೊಳ್ಳಿ. ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತೆ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಬಿಲ್ ಕಡೆ ಕಣ್ಣು ಹೋಗುತ್ತೆ. ಬಿಲ್‌ನಲ್ಲಿ ಇಂಜೆಕ್ಷನ್‌ಗೆ ಮಾತ್ರ ಒಂದು ಸಾಲಿದ್ರೆ, ಕ್ಲಿನಿಕ್‌ನಲ್ಲಿ ಸಿಗೋದೂ ಇಂಜೆಕ್ಷನ್ ಮಾತ್ರ. ಅರ್ಧ ಗಂಟೆ ಕೂತು ಮಾತಾಡೋದು, ನೋವಿನ ಮಾತ್ರೆ ಹೇಗೆ ಕೊಡೋದು ಅಂತ ತೋರಿಸೋದು, ಮನೆಗೆ ಬಂದು ನೋಡೋದು, ಆಮೇಲೆ ಮಣ್ಣು ಎಲ್ಲಿ ಮಾಡೋದು ಅಂತ ದಾರಿ ತೋರಿಸೋದು, ಇದೂ ವೈದ್ಯರ ಕೆಲಸವೇ. ಅದಕ್ಕೆ ಫೀಸ್ ಕೇಳಿದ್ರೆ ತಪ್ಪು ತಿಳಿಬೇಡಿ. 1939ರ ಆ ಕ್ಯೂನಲ್ಲಿ ಸಿಗದೇ ಹೋಗಿದ್ದು ಇದೇ.

ನಿಮ್ಮ ಮನೆಯ ಪ್ರಾಣಿಗೆ ವಯಸ್ಸಾಗಿದ್ರೆ, ಮುಂದಿನ ಸಲ ಲಸಿಕೆಗೆ ಹೋದಾಗಲೇ ಡಾಕ್ಟರ್ ಹತ್ರ ಕೇಳಿಡಿ: ಕೊನೆಗಾಲದ ಆರೈಕೆ ನಿಮ್ಮಲ್ಲಿ ಏನೇನಿದೆ? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡ್ಲಿ? ಗಾಬರಿ ಇಲ್ಲದ ದಿನ ಕೇಳೋಕೆ ಸುಲಭ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.