ರೈಟ್ ಹೇಳುವವರು

ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು: ‘ಇನ್ನೇನ್ ಮಾಡ್ಲಿ, ಅವ್ನಿಗೆ ರೈಟ್ ಹೇಳ್ಬಿಟ್ಟೆ ಕಣೆ.’ ಬಾಡಿಗೆಯವನೋ, ಕೆಲಸದವನೋ, ನೋಡಲು ಬಂದ ಗಂಡೋ ತಿಳಿಯಲಿಲ್ಲ. ಅವನು ಜಾಗ ಖಾಲಿ ಮಾಡಿದ್ದಂತೂ ಖಾತ್ರಿ. ಕಂಡಕ್ಟರನ ಕೂಗು ಬಸ್ಸಿಳಿದು ಮನೆಯೊಳಗೂ ಬಂದು ಕೂತಿದೆ.

ಈ ಮಾತು ರೈಲಿನಿಂದ ಇಳಿದು ಬಸ್ಸು ಹತ್ತಿದ್ದು ಅಂತಲೇ ನನ್ನ ವಾದ. ಗಾರ್ಡ್ ಹಸಿರು ಬಾವುಟ ತೋರಿಸುವುದಕ್ಕೆ ರೈಲ್ವೆಯಲ್ಲಿ ಇವತ್ತಿಗೂ ‘ಆಲ್ ರೈಟ್’ ಸಿಗ್ನಲ್ ಅಂತಲೇ ಹೆಸರು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ನಮ್ಮ ರಸ್ತೆಗಳಿಗೆ ಮೋಟಾರು ಬಂದದ್ದು ಆಮೇಲೆ. ಅಷ್ಟರೊಳಗೆ ಇಲ್ಲಿಯವರ ಕಿವಿಗೆ ಗಾರ್ಡಿನ ಭಾಷೆ ರೂಢಿಯಾಗಿರಲೇಬೇಕು. ತಾಳಗುಪ್ಪದ ಹಳಿಯ ಮೇಲೆ ರೈಲ್‌ಬಸ್ಸನ್ನೇ ಓಡಿಸಿದ ಸೀಮೆ ಇದು. ಎರಡಕ್ಕೂ ನೆಂಟಸ್ತಿಕೆ ಇಲ್ಲ ಅಂದರೆ ನಾನು ಒಪ್ಪುವವನಲ್ಲ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಅನ್ನುವ ಗಾದೆಯನ್ನು ಬಸ್ಸಿನಲ್ಲಿ ಕೂತು ಯೋಚಿಸಬೇಕು. ಮಲವಗೊಪ್ಪದ ಸ್ಟಾಪು. ಡ್ರೈವರ್ ಗೇರ್ ಹಾಕಿ ಕ್ಲಚ್ಚಿನ ಮೇಲೆ ಕಾಲಿಟ್ಟಿದ್ದಾನೆ, ಗಾಡಿ ಗುರುಗುಟ್ಟುತ್ತಿದೆ, ಆದರೂ ಒಂದಿಂಚು ಕದಲುವುದಿಲ್ಲ. ಹಿಂದಿನ ಬಾಗಿಲಲ್ಲಿ ಅಜ್ಜಿಯೊಬ್ಬರು ವೀಳ್ಯದೆಲೆ ಬುಟ್ಟಿಯನ್ನು ಮೊದಲು ಮೇಲಿಟ್ಟು, ಸೀರೆ ನೆರಿಗೆ ಎತ್ತಿ ಹಿಡಿದು, ಕಂಬಿಗೆ ಕೈ ಚಾಚುತ್ತಿದ್ದಾರೆ. ಇದು ಡ್ರೈವರನ ಕಣ್ಣಿಗೆ ಬೀಳುವುದಿಲ್ಲ. ಗರ್ಭಗುಡಿಯ ದೇವರ ಮುಖವೂ ಹಾಗೆಯೇ, ಒಂದೇ ದಿಕ್ಕಿಗೆ. ದೇವರನ್ನೂ ಬಾಗಿಲಲ್ಲಿ ನಿಂತವರನ್ನೂ ಒಟ್ಟಿಗೆ ನೋಡಬಲ್ಲವನು ಪೂಜಾರಿ. ಗಾದೆ ಕಟ್ಟಿದವರು ಅವನ ಮೇಲೆ ಸಿಟ್ಟಾಗಿದ್ದು ಅನ್ಯಾಯ. ಅವನು ವರ ತಡೆದದ್ದು ಅಜ್ಜಿಯ ಇನ್ನೊಂದು ಕಾಲು ಮೇಲೆ ಬರಲಿ ಅಂತ ಯಾಕಾಗಿರಬಾರದು?

ಬುಟ್ಟಿ ಸರಿಸಿ, ಅಜ್ಜಿಯ ರಟ್ಟೆ ಹಿಡಿದು ಎಳೆದುಕೊಂಡು, ಬಸ್ಸಿನ ತಗಡಿಗೆ ಎರಡೇಟು ಬಡಿದು ಕಂಡಕ್ಟರ್ ‘ರೈ…ಟ್’ ಅಂದ. ಗಾಡಿ ಹೊರಟಿತು.

ಈಗೀಗ ಹುಡುಗರು ‘ಗೋ ಗೋ’ ಅನ್ನುತ್ತಾರೆ. ಕೆಲವರದು ಬರೀ ಸೀಟಿ. ನನಗೆ ಇದು ಸರಿ ಕಾಣುವುದಿಲ್ಲ. ನಿಧಾನಕ್ಕೆ ಎಳೆದ ರೈಟಿಗೆ ‘ಎಲ್ಲರೂ ಹತ್ತಿದ್ದಾರೆ, ಮೆಲ್ಲಗೆ ಬಿಡು’ ಅಂತ ಅರ್ಥ. ‘ರೈಟ್ರೈಟ್ರೈಟ್’ ಅಂದರೆ ಹಿಂದೆ ಇನ್ನೊಂದು ಬಸ್ಸು ಬರುತ್ತಿದೆ, ಹರಿಗೆ ಸ್ಟಾಪಿನ ಜನ ಅದರ ಪಾಲಾಗುವ ಮೊದಲು ಓಡಿಸು ಅಂತ. ಸೀಟಿ ಊದುವ ಹುಡುಗರಿಗೆ ಹಳೆಯ ಕಂಡಕ್ಟರುಗಳು ಇದನ್ನು ಕಲಿಸಿಕೊಡಬೇಕು.